ತೊಂಬತ್ತೈದರ ಗೋಡೆ

ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲೇ ಡಿಸ್ಟಿಲರಿ ಇರುವುದು ಈಗ ಸಾಮಾನ್ಯ ನೋಟ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ನೀರು ಬೆರೆಸಿ, ಯೀಸ್ಟ್ ಹಾಕಿ ಹುಳಿಬರಿಸಿದರೆ ನೂರಕ್ಕೆ ಎಂಟು ಹತ್ತು ಪಾಲು ಆಲ್ಕೋಹಾಲ್ ಇರುವ ದ್ರವ ಸಿಗುತ್ತದೆ. ಅಲ್ಲಿನವರ ಬಾಯಲ್ಲಿ ಅದು ವಾಶ್. ಎತ್ತರದ ಕಾಲಂಗಳಲ್ಲಿ ಅದನ್ನು ಭಟ್ಟಿ ಇಳಿಸುತ್ತ ಹೋದಂತೆ ಆಲ್ಕೋಹಾಲಿನ ಪಾಲು ಏರುತ್ತದೆ. ಐವತ್ತು, ಎಂಬತ್ತು, ತೊಂಬತ್ತು. ತೂಕದ ಲೆಕ್ಕದಲ್ಲಿ 95.6ಕ್ಕೆ ಬಂದದ್ದೇ ನಿಂತುಬಿಡುತ್ತದೆ. ಕಾಲಂ ಇನ್ನೂ ಎತ್ತರಿಸಿ, ಇನ್ನಷ್ಟು ಪ್ಲೇಟು ಸೇರಿಸಿ, ಸ್ಟೀಮ್ ಹೆಚ್ಚು ಕೊಡಿ, ಅದು ಜಪ್ಪಯ್ಯ ಎಂದರೂ ಮುಂದೆ ಹೋಗದು. ಶುದ್ಧ ಎಥನಾಲ್ ಕುದಿಯುವುದು 78.4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100ರಲ್ಲಿ. ಈ ಮಿಶ್ರಣ ಮಾತ್ರ ಎರಡಕ್ಕಿಂತಲೂ ಒಂದು ಕೂದಲೆಳೆ ಕೆಳಗೆ, 78.2ರಲ್ಲಿ ಕುದಿಯುತ್ತದೆ. ಆಗ ಮೇಲೇಳುವ ಆವಿಯಲ್ಲೂ ಕೆಳಗೆ ಉಳಿಯುವ ದ್ರವದಲ್ಲೂ ಆಲ್ಕೋಹಾಲಿನ ಪಾಲು ಒಂದೇ. ಭಟ್ಟಿ ನಡೆಯುವುದೇ ಆವಿಗೂ ದ್ರವಕ್ಕೂ ಇರುವ ವ್ಯತ್ಯಾಸದ ಬಲದ ಮೇಲೆ. ವ್ಯತ್ಯಾಸವೇ ಇಲ್ಲದ ಕಡೆ ಅದಕ್ಕೆ ಮಾಡಲು ಕೆಲಸವಿಲ್ಲ. ಆದರೆ ಪೆಟ್ರೋಲಿಗೆ ಬೆರೆಸುವ ಎಥನಾಲ್ 99.5 ಪರ್ಸೆಂಟ್ ಶುದ್ಧವಿರಬೇಕು. ಆದ್ದರಿಂದ ಕಾಲಂ ದಾಟಿದ ಸ್ಪಿರಿಟ್ಟನ್ನು ಮತ್ತೆ ಆವಿ ಮಾಡಿ, 3 ಆಂಗ್‌ಸ್ಟ್ರಾಮ್ ರಂಧ್ರದ ಜಿಯೋಲೈಟ್ ಗುಂಡುಗಳ ಮೂಲಕ ಹಾಯಿಸುತ್ತಾರೆ. ನೀರಿನ ಅಣು ಆ ರಂಧ್ರದೊಳಗೆ ನುಸುಳಿ ಸಿಕ್ಕಿಬೀಳುತ್ತದೆ, ದೊಡ್ಡದಾದ ಎಥನಾಲ್ ಹೊರಗೇ ಉಳಿದು ಮುಂದೆ ಹೋಗುತ್ತದೆ. ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಬೆರೆಸುವ ಮಟ್ಟವನ್ನು ದೇಶ 2025ರಲ್ಲಿ ಮುಟ್ಟಿತಲ್ಲ, ಅದರ ಒಂದೊಂದು ಲೀಟರೂ ಈ ಗೋಡೆಯನ್ನು ಹೀಗೇ ಯಾವುದೋ ಬಳಸುದಾರಿಯಲ್ಲಿ ದಾಟಿ ಬಂದದ್ದು.

ಗೋಡೆಯ ಸುದ್ದಿ ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಹೊಸದಲ್ಲ. ಅಜಿಯೋಟ್ರೋಪ್ ಎಂಬ ಹೆಸರಿನಲ್ಲಿ ನಾಲ್ಕು ಸಾಲು ಓದಿ, ಒಂದು ಮಾರ್ಕಿನ ಪ್ರಶ್ನೆ ಬಂದೀತೆಂದು ಉರು ಹೊಡೆದಿರುತ್ತಾರೆ. ಮುಂದೆ ಕೆಮಿಕಲ್ ಎಂಜಿನಿಯರಿಂಗ್ ಸೇರಿ ಎರಡನೆಯ ವರ್ಷಕ್ಕೆ ಬಂದರೆ ಕೆಮಿಕಲ್ ಥರ್ಮೋಡೈನಾಮಿಕ್ಸ್ ಎದುರು ನಿಲ್ಲುತ್ತದೆ. ಹಾಸ್ಟೆಲಿನ ಭಾಷೆಯಲ್ಲಿ ಬರೀ 'ಥರ್ಮೋ'. ಬ್ಯಾಕ್‌ಲಾಗ್ ಉಳಿಸಿಕೊಳ್ಳುವವರ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರುಗಳಲ್ಲಿ ಇದೂ ಒಂದು. ಯಾಕೆ ಕಷ್ಟ ಎಂದರೆ ಮೇಷ್ಟ್ರೂ ವಿದ್ಯಾರ್ಥಿಗಳೂ ಒಂದೇ ದನಿಯಲ್ಲಿ ಹೇಳುವುದು: ಗಣಿತ ಜಾಸ್ತಿ, ವಿಷಯ ಅಮೂರ್ತ. ಈ ರೋಗನಿರ್ಣಯವೇ ತಪ್ಪು ಎಂಬುದು ಈ ಬರಹದ ವಾದ. ಥರ್ಮೋದಲ್ಲಿ ಬರುವ ಒಂದೊಂದು ವಿಚಿತ್ರ ಪದವೂ ಯಾವುದೋ ಕಾರ್ಖಾನೆಯಲ್ಲೋ ಪ್ರಯೋಗಶಾಲೆಯಲ್ಲೋ ಸರಳ ನಿಯಮವೊಂದು ಕೈಕೊಟ್ಟಾಗ ಹುಟ್ಟಿದ ಉತ್ತರ. ನಾವು ಉತ್ತರಗಳನ್ನು ಸಾಲಾಗಿ ಕೂರಿಸಿ ಕಲಿಸುತ್ತೇವೆ. ಪ್ರಶ್ನೆಗಳು ಕೊನೆಯ ಅಧ್ಯಾಯಕ್ಕೆ ಬರುತ್ತವೆ, ಇಲ್ಲವೇ ಬರುವುದೇ ಇಲ್ಲ. ಪ್ರಶ್ನೆ ಗೊತ್ತಿಲ್ಲದವನಿಗೆ ಯಾವ ಉತ್ತರವೂ ಅಮೂರ್ತವೇ.

ಡಿಸ್ಟಿಲರಿಯ ಗೋಡೆಯನ್ನೇ ತುಸು ಹತ್ತಿರದಿಂದ ನೋಡೋಣ. ಪಿಯುಸಿಯ ರೌಲ್ಟ್ ನಿಯಮದ ಪ್ರಕಾರ ಮಿಶ್ರಣದಲ್ಲಿ ಪ್ರತಿಯೊಂದು ದ್ರವವೂ ತನ್ನ ಪಾಲಿಗೆ ತಕ್ಕಷ್ಟು ಆವಿ ಒತ್ತಡ ಕೊಡುತ್ತದೆ. ಈ ನಿಯಮ ನಂಬಿದರೆ ಗೋಡೆಯೇ ಇರಬಾರದು, ಕೊನೆಯ ಹನಿ ನೀರಿನವರೆಗೂ ಭಟ್ಟಿ ಇಳಿಸಬಹುದು. ಗೋಡೆ ಇದೆ, ಅಂದರೆ ನಿಯಮ ಇಲ್ಲಿ ಸೋತಿದೆ. ಸೋತದ್ದು ಎಷ್ಟು? 78 ಡಿಗ್ರಿಯ ಆಸುಪಾಸಿನಲ್ಲಿ ಶುದ್ಧ ಎಥನಾಲಿನ ಆವಿ ಒತ್ತಡ ನೀರಿನದಕ್ಕಿಂತ ಸುಮಾರು 2.3 ಪಟ್ಟು ಹೆಚ್ಚು. ಎಥನಾಲಿಗೆ ಇರುವ ಮುಂದಾಳ್ತನ ಇಷ್ಟೇ. ಆದರೆ ಎಥನಾಲಿನ ಗುಂಪಿನಲ್ಲಿ ಒಂಟಿಯಾಗಿ ಸಿಕ್ಕ ನೀರಿನ ಅಣುವಿಗೆ ಅಲ್ಲಿ ಒಗ್ಗುವುದಿಲ್ಲ. ತನ್ನವರ ನಡುವೆ ಇದ್ದಾಗಿನ ಬಿಗಿಯಾದ ಹೈಡ್ರೋಜನ್ ಬಂಧದ ಜಾಲ ಅದಕ್ಕೆ ಇಲ್ಲಿ ಸಿಗದು. ಹಾಗಾಗಿ ತನ್ನ ಪಾಲಿಗಿಂತ ಹೆಚ್ಚಾಗಿ ಆವಿಗೆ ಜಿಗಿಯುತ್ತದೆ. ಆ ಹೆಚ್ಚುವರಿ ತವಕ ಕೂಡ ಸರಿಯಾಗಿ 2.3 ಪಟ್ಟಿನ ಹತ್ತಿರ ಬಂದ ಜಾಗದಲ್ಲಿ ಎರಡೂ ಸಮಸಮವಾಗುತ್ತವೆ, ಗೋಡೆ ಏಳುತ್ತದೆ. ಆ ತವಕದ ಪಟ್ಟಿಗೆ ಇಟ್ಟ ಹೆಸರೇ ಆಕ್ಟಿವಿಟಿ ಕೋಎಫಿಷಿಯಂಟ್. ಮಾರ್ಗ್ಯುಲ್ಸ್ 1895ರಲ್ಲಿ, ವ್ಯಾನ್ ಲಾರ್ 1910ರ ಹೊತ್ತಿಗೆ, ವಿಲ್ಸನ್ 1964ರಲ್ಲಿ, ರೆನಾನ್ ಮತ್ತು ಪ್ರೌಸ್ನಿಟ್ಜ್ 1968ರಲ್ಲಿ ಬರೆದ ಸಮೀಕರಣಗಳೆಲ್ಲ ಈ ಒಂದು ಪಟ್ಟನ್ನು ಸಂಯೋಜನೆಯ ಜೊತೆ ಹೇಗೆ ಲೆಕ್ಕ ಹಾಕುವುದು ಎಂಬುದಕ್ಕೆ ಕೊಟ್ಟ ಬೇರೆ ಬೇರೆ ಉತ್ತರಗಳು. ಗೋಡೆಯನ್ನು ಕಂಡ ವಿದ್ಯಾರ್ಥಿ ಇವುಗಳಲ್ಲಿ ಯಾವುದು ಬೇಕು ಎಂದು ತಾನೇ ಕೇಳುತ್ತಾನೆ. ಕಾಣದವನಿಗೆ ಇವು ಬಾಯಿಪಾಠಕ್ಕೆ ಕೊಟ್ಟ ನಾಲ್ಕು ಸೂತ್ರ.

ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಗೋಡೆ ನಿಂತಿರುವುದು ಆವಿ ಒತ್ತಡಗಳ ಅನುಪಾತದ ಮೇಲೆ. ಅನುಪಾತ ಬದಲಾಗುವುದು ಉಷ್ಣತೆಯ ಜೊತೆ. ಹಾಗಾದರೆ ಒತ್ತಡ ಇಳಿಸಿ, ಕಡಿಮೆ ಉಷ್ಣತೆಯಲ್ಲಿ ಕುದಿಸಿದರೆ ಗೋಡೆ ಸರಿಯಬೇಕಲ್ಲ? ಸರಿಯುತ್ತದೆ. ವಾತಾವರಣದ ಒತ್ತಡದ ಸುಮಾರು ಹತ್ತನೆಯ ಒಂದು ಭಾಗಕ್ಕಿಂತ ಕೆಳಗಿಳಿದರೆ ಅದು ಪೂರ್ತಿ ಮಾಯವೇ ಆಗುತ್ತದೆ. ಮತ್ತೇಕೆ ಜಿಯೋಲೈಟಿನ ತಾಪತ್ರಯ ಎಂದರೆ, ಅಷ್ಟು ಕಡಿಮೆ ಒತ್ತಡದಲ್ಲಿ ಎಥನಾಲ್ ಆವಿ ಮತ್ತೆ ದ್ರವವಾಗುವುದು 30 ಡಿಗ್ರಿಗಿಂತ ಕೆಳಗೆ. ಬೇಸಿಗೆಯ ಬಾಗಲಕೋಟೆಯಲ್ಲಿ ಕೂಲಿಂಗ್ ಟವರ್‌ನಿಂದ ಬರುವ ನೀರಿನಿಂದ ಆ ಕೆಲಸ ಆಗುವಂಥದ್ದಲ್ಲ, ಶೈತ್ಯಯಂತ್ರ ಬೇಕು. ಆವಿಯ ಗಾತ್ರ ಹತ್ತು ಪಟ್ಟು ಉಬ್ಬುವುದರಿಂದ ಕಾಲಂ ದಪ್ಪವಾಗಬೇಕು. ಒಂದೇ ಗೋಡೆಯ ಸುತ್ತ ಆವಿ ಒತ್ತಡ, ಆಕ್ಟಿವಿಟಿ, ಉಷ್ಣತೆಯ ಪರಿಣಾಮ, ಕಾರ್ಖಾನೆಯ ಖರ್ಚು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡವು. ಅರ್ಧ ಸೆಮಿಸ್ಟರಿನ ಪಾಠ ಇದರೊಳಗಿದೆ.

ಇನ್ನು ಫ್ಯುಗಾಸಿಟಿ. ಈ ವಿಷಯದ ವಿದ್ಯಾರ್ಥಿಗಳು ಇಷ್ಟು ಭಯಪಡುವ ಪದ ಇನ್ನೊಂದಿಲ್ಲ. ಒತ್ತಡದ ಅಳತೆಗೋಲಿನಲ್ಲೇ ಅಳೆಯುವ, ಆದರೆ ಒತ್ತಡವಲ್ಲದ, ಯಾವ ಮೀಟರಿಗೂ ಸಿಗದ ಒಂದು ರಾಶಿ. ಇದರ ಹಿಂದಿನ ಪ್ರಶ್ನೆ ಹುಡುಕಲು ಅಮೋನಿಯಾದ ಕಥೆಗೆ ಹೋಗಬೇಕು. ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯಾ ಮಾಡುವ ಆಸೆ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ದೊಡ್ಡ ದೊಡ್ಡವರನ್ನೇ ಬೇಸ್ತು ಬೀಳಿಸಿತು. 1900ರಲ್ಲಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಕಬ್ಬಿಣದ ವೇಗವರ್ಧಕ ಬಳಸಿ ಅಮೋನಿಯಾ ಪಡೆದೆ ಎಂದರು. ಬಿಎಎಸ್‌ಎಫ್ ಕಂಪನಿಯ ತರುಣ ಕಾರ್ಲ್ ಬಾಶ್ ಪರೀಕ್ಷಿಸಿ, ಅಮೋನಿಯಾ ಬಂದದ್ದು ಗಾಳಿಯ ಸಾರಜನಕದಿಂದಲ್ಲ, ಕಬ್ಬಿಣದಲ್ಲಿ ಮೊದಲೇ ಸೇರಿಕೊಂಡಿದ್ದ ನೈಟ್ರೈಡ್‌ನಿಂದ ಎಂದು ತೋರಿಸಿದರು. ಮರುವರ್ಷ ಲ ಶಾಟಲಿಯೆ ಹೆಚ್ಚು ಒತ್ತಡದಲ್ಲಿ ಪ್ರಯತ್ನಿಸಿ, ಸ್ಫೋಟವಾದ ಮೇಲೆ ಕೈಬಿಟ್ಟರು. ಫ್ರಿಟ್ಜ್ ಹೇಬರ್ ಸುಮಾರು 1000 ಡಿಗ್ರಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ ಅಳೆದಾಗ ಸಿಕ್ಕಿದ್ದು ನೂರಕ್ಕೆ 0.01ರ ಆಸುಪಾಸಿನ ಅಮೋನಿಯಾ. ಅದೂ ಹೆಚ್ಚಾಯಿತು, ನನ್ನ ಉಷ್ಣ ಪ್ರಮೇಯದ ಲೆಕ್ಕಕ್ಕೆ ಹೊಂದುತ್ತಿಲ್ಲ ಎಂದು ವಾಲ್ಟರ್ ನರ್ನ್ಸ್ಟ್ ತಕರಾರು ತೆಗೆದು, 1907ರಲ್ಲಿ ತುಂಬಿದ ಸಭೆಯಲ್ಲೇ ಹೇಬರ್‌ರನ್ನು ಟೀಕಿಸಿದರು. ನೊಂದ ಹೇಬರ್, ರಾಬರ್ಟ್ ಲ ರಾಸಿನ್ಯೋಲ್ ಜೊತೆಗೂಡಿ ಒತ್ತಡ ಏರಿಸಿ ಮತ್ತೆ ಅಳೆದರು.

ಜಗಳ ನಡೆದದ್ದು ವೇಗವರ್ಧಕದ ಬಗ್ಗೆ ಅಲ್ಲ, ಒಂದು ಸಂಖ್ಯೆಯ ಬಗ್ಗೆ. ಸಮತೋಲದಲ್ಲಿ ಹೆಚ್ಚೆಂದರೆ ಎಷ್ಟು ಅಮೋನಿಯಾ ಸಿಕ್ಕೀತು ಎಂಬ ಆ ಸಂಖ್ಯೆ ಗಟ್ಟಿಯಾದ ಮೇಲಷ್ಟೇ ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕುವುದು ದಂಡ ಎಂಬುದು ತಿಳಿಯಿತು. 500 ಡಿಗ್ರಿಯಲ್ಲಿ ಒಂದು ಅಟ್ಮಾಸ್ಫಿಯರ್‌ನಲ್ಲಿ ನೂರಕ್ಕೆ 0.1ರಷ್ಟು ಸಿಗುವ ಅಮೋನಿಯಾ, 100 ಅಟ್ಮಾಸ್ಫಿಯರ್‌ನಲ್ಲಿ ಹತ್ತು ದಾಟುತ್ತದೆ, 300ರಲ್ಲಿ ಇಪ್ಪತ್ತಾರರ ಹತ್ತಿರ ಬರುತ್ತದೆ. 1909ರ ಜುಲೈಯಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಹೇಬರ್ ಹನಿಹನಿಯಾಗಿ ಅಮೋನಿಯಾ ಇಳಿಸಿ ತೋರಿಸಿದರು, 1913ರಲ್ಲಿ ಬಿಎಎಸ್‌ಎಫ್‌ನ ಓಪಾವ್ ಕಾರ್ಖಾನೆ ಶುರುವಾಯಿತು. ಅದೇ ಶತಮಾನದ ಮೂವತ್ತರ ದಶಕ ಮುಗಿಯುವಷ್ಟರಲ್ಲಿ ಕೆಆರ್‌ಎಸ್ ಮಗ್ಗುಲಿನ ಬೆಳಗೊಳದಲ್ಲೂ ಮೈಸೂರು ಸಂಸ್ಥಾನದ ಅಮೋನಿಯಾ ಕಾರ್ಖಾನೆ ಎದ್ದಿತ್ತೆಂಬುದು ನಾವು ಮರೆತಿರುವ ಸಂಗತಿ.

ಆದರೆ ಒತ್ತಡ ಏರಿಸಿದಂತೆ ಇನ್ನೊಂದು ನಿಯಮ ಸೋಲತೊಡಗಿತು, ನಮ್ಮ ಪ್ರಶ್ನೆ ಇರುವುದು ಅಲ್ಲಿ. ಪಿಯುಸಿಯಲ್ಲಿ ಸಮತೋಲ ಸ್ಥಿರಾಂಕ ಎಂದು ಓದಿದ್ದೇವೆ. ಉಷ್ಣತೆ ಬದಲಾಗದಿದ್ದರೆ ಅದೂ ಬದಲಾಗಬಾರದು, ಹೆಸರೇ ಹೇಳುವಂತೆ ಸ್ಥಿರ. 1920ರ ದಶಕದಲ್ಲಿ ಅಮೆರಿಕದ ಲಾರ್ಸನ್ ಮತ್ತು ಡಾಜ್ 450 ಡಿಗ್ರಿಯಲ್ಲಿ, ಒತ್ತಡಗಳ ಲೆಕ್ಕದಲ್ಲಿ ಈ ಸ್ಥಿರಾಂಕವನ್ನು ಅಳೆದರು. 10 ಅಟ್ಮಾಸ್ಫಿಯರ್‌ನಲ್ಲಿ 0.0066. 100ರಲ್ಲಿ 0.0073. 300ರಲ್ಲಿ 0.0088. 600ರಲ್ಲಿ 0.0129. ಸಾವಿರ ಅಟ್ಮಾಸ್ಫಿಯರ್‌ಗೆ ಬರುವಷ್ಟರಲ್ಲಿ 0.0233. ಸ್ಥಿರಾಂಕ ಮೂರೂವರೆ ಪಟ್ಟು ಬೆಳೆದಿದೆ! ಹಾಗಾದರೆ ನಿಯಮ ಸುಳ್ಳೇ? ಅಲ್ಲ. ನಾವು ಅದಕ್ಕೆ ತಿನ್ನಿಸಿದ ಸಂಖ್ಯೆ ತಪ್ಪು. ಇಷ್ಟು ಒತ್ತಡದಲ್ಲಿ ಅಣುಗಳು ಒಂದನ್ನೊಂದು ಎಳೆಯುತ್ತವೆ, ಒಂದಕ್ಕೊಂದು ಜಾಗ ಬಿಡದೆ ತಳ್ಳುತ್ತವೆ. ಗೇಜು ತೋರಿಸುವ ಒತ್ತಡಕ್ಕೂ ಅನಿಲಕ್ಕೆ ಇದ್ದ ಜಾಗ ಬಿಟ್ಟು ಹೋಗಲು ನಿಜವಾಗಿ ಇರುವ ಒಲವಿಗೂ ತಾಳೆ ತಪ್ಪಿದೆ. ಆ ಒಲವಿಗೆ ಗಿಲ್ಬರ್ಟ್ ಲೂಯಿಸ್ 1901ರಲ್ಲೇ ಹೆಸರಿಟ್ಟಿದ್ದರು. ಪಲಾಯನ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಫ್ಯುಗಾಸಿಟಿ. ಕನ್ನಡದಲ್ಲಿ ಪಲಾಯನಶೀಲತೆ ಎಂದರೆ ಅರ್ಥ ಇನ್ನೂ ಬೇಗ ಹೊಳೆದೀತೇನೋ. ಒತ್ತಡದ ಜಾಗದಲ್ಲಿ ಅದನ್ನು ಹಾಕಿ ನೋಡಿದರೆ ಓಡುತ್ತಿದ್ದ ಸ್ಥಿರಾಂಕ ಬಹುಮಟ್ಟಿಗೆ ತನ್ನ ಜಾಗಕ್ಕೆ ಮರಳಿ ಕೂರುತ್ತದೆ. ಐದು ಸಂಖ್ಯೆಗಳ ಈ ಸಾಲನ್ನು ಮೊದಲ ದಿನ ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಂತರೆ ಸಾಕು, ಫ್ಯುಗಾಸಿಟಿಯ ಅಗತ್ಯವನ್ನು ತರಗತಿಯೇ ಕಂಡುಕೊಳ್ಳುತ್ತದೆ.

ನಮ್ಮ ಪುಸ್ತಕಗಳ ಸಾಲು ಇದರ ತದ್ವಿರುದ್ಧ. ಜೆ.ಎಂ. ಸ್ಮಿತ್ 1949ರಲ್ಲಿ ತಂದು, ಮುಂದೆ ವ್ಯಾನ್ ನೆಸ್ ಜೊತೆಗೂಡಿ ಬೆಳೆಸಿದ ಪ್ರಸಿದ್ಧ ಪಠ್ಯವಾಗಲಿ, ಅದರ ಜಾಡಿನಲ್ಲಿ ಬಂದ ಇತರ ಪುಸ್ತಕಗಳಾಗಲಿ ಮೊದಲು ನಿಯಮಗಳು, ಆಮೇಲೆ ಅನಿಲಗಳ ಸಮೀಕರಣ, ಆಮೇಲೆ ಮ್ಯಾಕ್ಸ್‌ವೆಲ್ ಸಂಬಂಧಗಳು, ಫ್ಯುಗಾಸಿಟಿ, ಆವಿ ಮತ್ತು ದ್ರವದ ಸಮತೋಲ, ಕಡೆಗೆ ರಾಸಾಯನಿಕ ಕ್ರಿಯೆಗಳ ಸಮತೋಲ ಎಂದು ಹೆಚ್ಚುಕಡಿಮೆ ಒಂದೇ ಕ್ರಮ ಹಿಡಿಯುತ್ತವೆ. ಫ್ಯುಗಾಸಿಟಿ ಯಾಕೆ ಬೇಕು ಎಂದು ಹೇಳಬಲ್ಲ ಅಮೋನಿಯಾ ಕಡೆಯ ಅಧ್ಯಾಯದಲ್ಲಿದೆ. ಸೆಮಿಸ್ಟರಿನ ಕೊನೆಯ ವಾರದಲ್ಲಿ, ಇಂಟರ್ನಲ್ಸ್ ಮುಗಿದು ಎಲ್ಲರೂ ಸುಸ್ತಾದ ಹೊತ್ತಿಗೆ ಆ ಅಧ್ಯಾಯ ಓಡುತ್ತದೆ.

ಈ ಕ್ರಮ ತಿರುಗಿಸಿ ಪ್ರಶ್ನೆಯಿಂದಲೇ ಶುರುಮಾಡೋಣ ಎಂದರೆ ಮೊದಲ ಆಕ್ಷೇಪ ವಿಷಯ ಬಲ್ಲವರಿಂದಲೇ ಬರುತ್ತದೆ. ಥರ್ಮೋದ ಚೆಲುವು ಇರುವುದೇ ಅದರ ತರ್ಕದ ಕಟ್ಟಡದಲ್ಲಿ. ಗಿಬ್ಸ್ 1876ರಿಂದ 78ರ ನಡುವೆ ಬರೆದ ಪ್ರಬಂಧದಲ್ಲಿ ಎರಡು ನಿಯಮಗಳಿಂದ ಹೊರಟು ಎಲ್ಲವನ್ನೂ ಎಳೆಎಳೆಯಾಗಿ ಬಿಡಿಸಿಲ್ಲವೇ, ಆ ಕ್ರಮ ಮುರಿದು ಕಾರ್ಖಾನೆ ಕಥೆ ಹೇಳಿದರೆ ಶಾಸ್ತ್ರ ಚೂರುಚೂರಾಗುವುದಿಲ್ಲವೇ ಎಂದು. ಮಾತಿನಲ್ಲಿ ಹುರುಳಿದೆ. ಹಾಗೆಂದು ಗಿಬ್ಸ್‌ರ ಪ್ರಬಂಧದ ಗತಿಯನ್ನೂ ನೆನೆಯಬೇಕು. ಅದು ಯುರೋಪಿನ ರಸಾಯನಶಾಸ್ತ್ರಜ್ಞರ ಕೈಗೆ ನಿಜವಾಗಿ ಸೇರಿದ್ದು 1892ರಲ್ಲಿ ಓಸ್ಟ್‌ವಾಲ್ಡ್ ಜರ್ಮನ್ ಭಾಷೆಗೆ, 1899ರಲ್ಲಿ ಲ ಶಾಟಲಿಯೆ ಫ್ರೆಂಚಿಗೆ ತಂದ ಮೇಲೆ. ಗಿಬ್ಸ್‌ರನ್ನು ಬೇಗನೆ ಅರ್ಥಮಾಡಿಕೊಂಡ ಕೆಲವೇ ಜನರಲ್ಲಿ ಒಬ್ಬರಾದ ಮ್ಯಾಕ್ಸ್‌ವೆಲ್ ಏನು ಮಾಡಿದರು? ನೀರಿನಂಥ ಕಲ್ಪಿತ ವಸ್ತುವೊಂದರ ಗಾತ್ರ, ಶಕ್ತಿ, ಎಂಟ್ರೊಪಿಗಳ ಸಂಬಂಧವನ್ನು ತಮ್ಮ ಕೈಯಾರೆ ಮೇಲ್ಮೈಯೊಂದರ ಮಾದರಿಯಾಗಿ ರೂಪಿಸಿ, ಅದರ ಪ್ಲಾಸ್ಟರ್ ಎರಕವೊಂದನ್ನು ಗಿಬ್ಸ್‌ಗೂ ಕಳಿಸಿದರು. ವಿದ್ಯುತ್ಕಾಂತೀಯ ಸಮೀಕರಣಗಳನ್ನು ಬರೆದ ತಲೆಗೇ ಮುಟ್ಟಿ ನೋಡುವ ವಸ್ತು ಬೇಕೆನಿಸಿದ್ದರೆ, ಹತ್ತೊಂಬತ್ತು ವರ್ಷದ ವಿದ್ಯಾರ್ಥಿಗೆ ಬೇಡವೆನ್ನಲು ನಾವು ಯಾರು? ಕಟ್ಟಡ ಇರಲಿ. ಅದು ಯಾವ ಮಳೆಗೆ ಕಟ್ಟಿದ ಸೂರು ಎಂಬುದು ಮೊದಲು ಗೊತ್ತಾಗಲಿ.

ಎರಡನೆಯದು ಗಣಿತದ ಆಕ್ಷೇಪ. ಪ್ರಶ್ನೆ ಮೊದಲು ಬಂದರೂ ಆಂಶಿಕ ಅವಕಲನಗಳೇನು ಕರಗಿಹೋಗುತ್ತವೆಯೇ? ಹೋಗುವುದಿಲ್ಲ, ಆದರೆ ಅವುಗಳ ಕೆಲಸ ಕಾಣುತ್ತದೆ. ಎಂಟ್ರೊಪಿ ಅಳೆಯುವ ಮೀಟರ್ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಆದರೂ ಸ್ಟೀಮ್ ಟೇಬಲ್ ತೆರೆದರೆ ಎಂಟ್ರೊಪಿಯ ಕಾಲಂ ನಾಲ್ಕು ದಶಮಾಂಶದವರೆಗೆ ತುಂಬಿದೆ. ಎಲ್ಲಿಂದ ಬಂತು? ಒತ್ತಡ ಏರಿದಂತೆ ಎಂಟ್ರೊಪಿ ಎಷ್ಟು ಬದಲಾಗುತ್ತದೆ ಎಂಬುದು, ಉಷ್ಣತೆ ಏರಿದಂತೆ ಗಾತ್ರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಸಮ, ಚಿಹ್ನೆ ಮಾತ್ರ ತಿರುಗುಮುರುಗು ಎನ್ನುತ್ತದೆ ಒಂದು ಮ್ಯಾಕ್ಸ್‌ವೆಲ್ ಸಂಬಂಧ. ಗಾತ್ರ, ಉಷ್ಣತೆ, ಒತ್ತಡ ಇವನ್ನು ಯಾವ ಪ್ರಯೋಗಶಾಲೆಯಲ್ಲಾದರೂ ಅಳೆಯಬಹುದು. ಅಳೆಯಬಲ್ಲದ್ದನ್ನು ಕೊಟ್ಟು ಅಳೆಯಲಾಗದ್ದನ್ನು ಪಡೆಯುವ ವಿನಿಮಯ ಇದು. ಪರೀಕ್ಷೆಯಲ್ಲಿ 'ಮ್ಯಾಕ್ಸ್‌ವೆಲ್ ಸಂಬಂಧಗಳನ್ನು ಸಾಧಿಸಿ' ಎಂದು ಕೇಳಿ ಅಂಕ ಕೊಡುವವರು, ಸಾಧಿಸಿ ಏನು ಮಾಡುತ್ತೀಯಪ್ಪಾ ಎಂದು ಮಾತ್ರ ಕೇಳುವುದಿಲ್ಲ. ಇನ್ನು ವ್ಯವಸ್ಥೆ ಮಾಡಿದ ಕೆಲಸವನ್ನು ಒಂದು ಪುಸ್ತಕ ಧನ ಎಂದು, ಇನ್ನೊಂದು ಋಣ ಎಂದು ಎಣಿಸುವ ಗೊಂದಲ ಬೇರೆ. ಅದರಿಂದ ಹೋಗುವ ಅಂಕಗಳಿಗೆ ಗಣಿತ ಹೊಣೆಯಲ್ಲ, ಪುಸ್ತಕ ಬರೆದವರ ಹಟ ಹೊಣೆ.

ಥರ್ಮೋ ವೇಗದ ಬಗ್ಗೆ ಏನೂ ಹೇಳುವುದಿಲ್ಲವಲ್ಲ, ಕಾರ್ಖಾನೆಗೆ ವೇಗವೇ ಮುಖ್ಯವಲ್ಲವೇ ಎಂಬುದು ಇನ್ನೊಂದು. ನಿಜ, ಅದರ ಲೆಕ್ಕದಲ್ಲಿ ಬೆರಳಿನ ವಜ್ರ ಈಗಲೇ ಗ್ರಾಫೈಟ್ ಆಗತಕ್ಕದ್ದು. ಯಾವ ಆಭರಣದಂಗಡಿಯವರೂ ನಿದ್ದೆಗೆಟ್ಟಿಲ್ಲ. ಆದರೆ ವೇಗದ ಹುಡುಕಾಟಕ್ಕೆ ಹಣ ಸುರಿಯುವ ಮೊದಲು ಗುರಿ ಇದೆಯೇ ಎಂದು ತಿಳಿಯಬೇಕು. ವೇಗವರ್ಧಕ ಸಮತೋಲದ ಸಂಖ್ಯೆಯನ್ನು ಕದಲಿಸಲಾರದು, ಅಲ್ಲಿಗೆ ಬೇಗ ಮುಟ್ಟಿಸಬಲ್ಲದು ಅಷ್ಟೇ. ಬಿಎಎಸ್‌ಎಫ್‌ನಲ್ಲಿ ಮಿಟ್ಟಾಶ್ ಸಾವಿರಾರು ವೇಗವರ್ಧಕಗಳನ್ನು ಪರೀಕ್ಷಿಸಿದ್ದು ಹೇಬರ್‌ರ ಸಂಖ್ಯೆಗಳು ಕೈಯಲ್ಲಿದ್ದುದರಿಂದ.

ಈ ಕಾಲದ ಆಕ್ಷೇಪ ಇನ್ನೂ ನೇರ: ಎಲ್ಲವನ್ನೂ ಸಾಫ್ಟ್‌ವೇರ್ ಮಾಡುತ್ತದೆ. ಆಸ್ಪೆನ್‌ನಂಥ ಸಿಮ್ಯುಲೇಟರ್‌ನಲ್ಲಿ ಕಾಲಂ ಎಳೆದು, ಎಥನಾಲ್, ನೀರು ಎಂದು ಟೈಪ್ ಮಾಡಿದರೆ ಉತ್ತರ ಬರುವಾಗ ವಿಲ್ಸನ್ ಯಾರೆಂದು ಏಕೆ ತಿಳಿಯಬೇಕು? ನನಗೆ ಇದೇ ಎಲ್ಲಕ್ಕಿಂತ ದುರ್ಬಲ ಆಕ್ಷೇಪವಾಗಿ ಕಾಣುತ್ತದೆ. ಆ ಸಾಫ್ಟ್‌ವೇರ್ ತೆರೆದೊಡನೆ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ಯಾವ ಥರ್ಮೋಡೈನಾಮಿಕ್ ಮಾದರಿ ಬಳಸಲಿ ಎಂಬುದು. ಪೆಂಗ್ ಮತ್ತು ರಾಬಿನ್ಸನ್ 1976ರಲ್ಲಿ ಕೊಟ್ಟ ಸಮೀಕರಣ ಬೇಕೆ, ರೆನಾನ್ ಮತ್ತು ಪ್ರೌಸ್ನಿಟ್ಜ್‌ರ 1968ರ ಸಮೀಕರಣವಾದ ಎನ್‌ಆರ್‌ಟಿಎಲ್ ಬೇಕೆ, ಆದರ್ಶ ಮಿಶ್ರಣ ಸಾಕೆ? ಮೊದಲನೆಯದು ತೈಲ ಮತ್ತು ಅನಿಲದ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಎರಡನೆಯದು ನೀರು, ಆಲ್ಕೋಹಾಲ್‌ಗಳಂಥ ಒರಟು ಜೋಡಿಗೆ. ಅರಿಯದೆ 'ಆದರ್ಶ' ಒತ್ತಿದರೆ ಯಂತ್ರ ತಕರಾರು ಮಾಡದು. 99.9 ಪರ್ಸೆಂಟ್ ಎಥನಾಲನ್ನು ಸಾದಾ ಕಾಲಂನಿಂದಲೇ ಇಳಿಸಿ, ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಯಂತ್ರ ಲೆಕ್ಕ ತಪ್ಪಲಿಲ್ಲ. ಕೊಟ್ಟ ನಿಯಮಕ್ಕೆ ನಿಷ್ಠೆಯಿಂದ ನಡೆದುಕೊಂಡಿತು.

ಕಡೆಗೆ ಉದ್ಯೋಗದ ಮಾತು. ಕೆಮಿಕಲ್ ಓದಿದವರಲ್ಲಿ ಎಷ್ಟೋ ಜನ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ದಾರಿ ಹಿಡಿಯುತ್ತಾರೆ, ಫ್ಯುಗಾಸಿಟಿ ಅವರಿಗೆ ಮತ್ತೆಂದೂ ಎದುರಾಗುವುದಿಲ್ಲ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಥರ್ಮೋ ಓದಿದರೆ ಬುದ್ಧಿ ಹರಿತವಾಗುತ್ತದೆ ಎಂಬ ಸಮಾಧಾನವನ್ನು ಯಾವ ವಿಷಯದವರಾದರೂ ಹೇಳಿಕೊಳ್ಳಬಹುದು. ಹೇಳಬಹುದಾದದ್ದು ಇಷ್ಟು: ಇರುವ ತಾಸುಗಳಲ್ಲೇ ಕ್ರಮ ಬದಲಿಸುವುದಕ್ಕೆ ಹೆಚ್ಚುವರಿ ಖರ್ಚಿಲ್ಲ. ಮೊದಲ ತರಗತಿಗೆ 50 ಮಿಲಿ ನೀರು, 50 ಮಿಲಿ ಆಲ್ಕೋಹಾಲ್, ಒಂದು ಅಳತೆ ಜಾಡಿ ಸಾಕು. ಬೆರೆಸಿದರೆ ನೂರು ಬರುವುದಿಲ್ಲ, ತೊಂಬತ್ತಾರು ತೊಂಬತ್ತೇಳರಲ್ಲಿ ನಿಲ್ಲುತ್ತದೆ. ಉಳಿದ ಮೂರು ಮಿಲಿ ಎಲ್ಲಿ ಹೋಯಿತು ಎಂದು ಹಿಂದಿನ ಬೆಂಚಿನಿಂದ ಒಬ್ಬರಾದರೂ ಕೇಳುತ್ತಾರೆ, ಪಾರ್ಶಿಯಲ್ ಮೋಲಾರ್ ಗಾತ್ರದ ಪಾಠ ಅಲ್ಲಿಂದ ಹೊರಡಬಹುದು. ಪರೀಕ್ಷೆಯ ಪ್ರಶ್ನೆಯೂ ಬದಲಾಗಬಹುದು. ಸೂತ್ರ ಸಾಧಿಸಿ ಎಂಬುದರ ಬದಲು ಆ ಹಸಿರು ತೆರೆಯನ್ನೇ ಅಚ್ಚು ಹಾಕಿ ಕೊಡಿ: ಇಪ್ಪತ್ತು ಪ್ಲೇಟಿನ ಕಾಲಂ, ವಾತಾವರಣದ ಒತ್ತಡ, ಮೇಲಿನಿಂದ 99.9 ಪರ್ಸೆಂಟ್ ಎಥನಾಲ್. ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿ ಇದನ್ನು ನೋಡಿ, ಜಿಯೋಲೈಟ್ ಘಟಕದ ಹಣ ಉಳಿಯಿತೆಂದು ಕಾಲಂಗೆ ಆರ್ಡರ್ ಕೊಡಲು ಹೊರಟಿದೆ, ಸಹಿ ನಿಮ್ಮದು. ಹಾಕುತ್ತೀರೋ ಇಲ್ಲವೋ, ಕಾರಣ ಬರೆಯಿರಿ. ಹತ್ತು ಅಂಕ, ಪುಸ್ತಕ ತೆರೆದು ನೋಡಲು ಅನುಮತಿ ಇದೆ.